ಅಲ್ಲಿ ಒಂದು ಗಂಟೆ, ಇಲ್ಲಿ ಏಳು ವರ್ಷ

ಒಂದು ಗಂಟೆ ಎಂದರೆ ಎಷ್ಟು? ಅರುವತ್ತು ನಿಮಿಷ ಎಂದು ಮೂರನೆಯ ತರಗತಿಯ ಮಗುವೂ ಹೇಳುತ್ತದೆ. ಮಂಗಳೂರಿನಲ್ಲಾದರೂ ಅಷ್ಟೇ, ಜಿದ್ದಾದಲ್ಲಾದರೂ ಅಷ್ಟೇ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದಿರಬಹುದು. ಆದರೆ ಅಲ್ಲಿ ಕಳೆಯುವ ಒಂದು ಗಂಟೆಯೂ ಇಲ್ಲಿ ಕಳೆಯುವ ಒಂದು ಗಂಟೆಯೂ ಒಂದೇ. ಅಕ್ಕಿ ಬೇಯುವ ಹೊತ್ತು, ಮಕ್ಕಳ ಶಾಲೆಯ ಗಂಟೆ, ಇಫ್ತಾರ್‌ನ ಸಮಯ, ಗಲ್ಫ್‌ನಿಂದ ಬರುವ ಫೋನಿಗೆ ಕಾಯುವ ವೇಳೆ ಎಲ್ಲವೂ ಈ ನಂಬಿಕೆಯ ಮೇಲೆಯೇ ನಿಂತಿವೆ.

ಈ ನಂಬಿಕೆಯನ್ನು ಅಲುಗಾಡಿಸುವ ಇಂಗ್ಲಿಷ್ ಸಿನಿಮಾ ಒಂದು 2014ರಲ್ಲಿ ಬಂತು. ಹೆಸರು 'ಇಂಟರ್‌ಸ್ಟೆಲ್ಲರ್'. ನಿರ್ದೇಶಕ ಕ್ರಿಸ್ಟೋಫರ್ ನೋಲನ್. ನಿಮ್ಮ ಮನೆಯ ಕಾಲೇಜು ಹುಡುಗ ಅಥವಾ ಹುಡುಗಿ ಮೊಬೈಲ್‌ನಲ್ಲಿ ಅದನ್ನು ನೋಡಿರಬಹುದು. ಊಟಕ್ಕೆ ಕುಳಿತಾಗ, "ಉಮ್ಮಾ, ಒಂದು ಗಂಟೆ ಏಳು ವರ್ಷ ಆಗುತ್ತದಂತೆ, ನಿಜವಾ?" ಎಂದು ಕೇಳಿಯೂ ಇರಬಹುದು. "ಸುಮ್ಮನೆ ಊಟ ಮಾಡು, ಸಿನಿಮಾದಲ್ಲಿ ಏನು ಬೇಕಾದರೂ ತೋರಿಸುತ್ತಾರೆ" ಎಂಬುದು ನಮ್ಮಲ್ಲಿ ಹೆಚ್ಚಿನವರ ಉತ್ತರ.

ಸಿನಿಮಾ ನೋಡಿರೆಂದು ಶಿಫಾರಸು ಮಾಡುವುದು ಈ ಲೇಖನದ ಉದ್ದೇಶವಲ್ಲ. ಯಾವುದನ್ನು ನೋಡಬೇಕು, ಯಾವುದನ್ನು ನೋಡಬಾರದು ಎಂಬ ವಿವೇಚನೆ ಪ್ರತಿಯೊಂದು ಮನೆಯಲ್ಲಿಯೂ ಇರಲೇಬೇಕು. ಆದರೆ ಮಗು ಕೇಳಿದ ಪ್ರಶ್ನೆ ಸಿನಿಮಾಕ್ಕಿಂತ ದೊಡ್ಡದು. ನಾನು ಬಿ.ಎ. ಓದಿದವಳು. ನನ್ನ ಭೌತಶಾಸ್ತ್ರ ಎಸ್.ಎಸ್.ಎಲ್.ಸಿ.ಗೇ ಮುಗಿದಿತ್ತು. ಆದ್ದರಿಂದ ಇಲ್ಲಿ ಹೇಳುವುದು ವಿಜ್ಞಾನಿಯ ಮಾತಲ್ಲ, ಬೆರಗಾಗಿ ಹುಡುಕಿ ಓದಿದ ಒಬ್ಬ ಸಾಮಾನ್ಯ ಓದುಗಳ ಮಾತು.

ಕಥೆಯಲ್ಲಿ ಏನಿದೆ?

ಭೂಮಿಯಲ್ಲಿ ಧೂಳು ತುಂಬಿದೆ, ಬೆಳೆಗಳು ನಾಶವಾಗುತ್ತಿವೆ. ಮನುಷ್ಯರಿಗೆ ಬದುಕಲು ಬೇರೊಂದು ಗ್ರಹವನ್ನು ಹುಡುಕಲು ಕೂಪರ್ ಎಂಬ ತಂದೆ ಬಾಹ್ಯಾಕಾಶಕ್ಕೆ ಹೊರಡುತ್ತಾನೆ. ಅವನಿಗೆ ಒಬ್ಬ ಮಗ, ಹತ್ತು ವರ್ಷದ ಒಬ್ಬಳು ಮಗಳು. ಹೋಗಬೇಡವೆಂದು ಮಗಳು ಅಳುತ್ತಾಳೆ. ತಂದೆ ಅವಳ ಕೈಗೆ ಒಂದು ವಾಚು ಕೊಟ್ಟು, ತಾನು ಹಿಂದಿರುಗಿದ ಮೇಲೆ ಇಬ್ಬರ ವಾಚನ್ನೂ ಹೋಲಿಸಿ ನೋಡೋಣ ಎನ್ನುತ್ತಾನೆ.

ಅವನು ಇಳಿದ ಒಂದು ಗ್ರಹ 'ಗಾರ್ಗಾಂಟುವಾ' ಎಂಬ ಭಾರೀ ಕಪ್ಪುರಂಧ್ರದ ತೀರಾ ಸಮೀಪದಲ್ಲಿದೆ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ ಕಳೆಯುತ್ತದೆ. ಬೇಗ ಹೋಗಿ ಬೇಗ ಬರಬೇಕೆಂಬ ಯೋಜನೆ ಬೃಹತ್ ಅಲೆಯೊಂದರಿಂದ ಕೆಡುತ್ತದೆ. ಅವರು ಅಲ್ಲಿ ಸಿಲುಕಿದ್ದು ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಮೇಲಿದ್ದ ನೌಕೆಗೆ ಹಿಂದಿರುಗಿದಾಗ ಅಲ್ಲಿ ಉಳಿದಿದ್ದ ಸಂಗಾತಿಯ ಗಡ್ಡದಲ್ಲಿ ನರೆ ಮೂಡಿದೆ. ಇಪ್ಪತ್ಮೂರು ವರ್ಷಗಳು ಕಳೆದುಹೋಗಿವೆ. ಮನೆಯಿಂದ ಬಂದ ವೀಡಿಯೋ ಸಂದೇಶಗಳನ್ನು ಕೂಪರ್ ಒಂದರ ಮೇಲೊಂದು ನೋಡುತ್ತಾನೆ. ಮಗ ದೊಡ್ಡವನಾಗುತ್ತಾನೆ, ಮದುವೆಯಾಗುತ್ತಾನೆ, ತನ್ನ ಮಗುವನ್ನು ತೋರಿಸುತ್ತಾನೆ. ಕೊನೆಗೆ ಮಗಳ ಮುಖ ಬರುತ್ತದೆ. ಮನೆ ಬಿಟ್ಟಾಗ ತಂದೆಗೆ ಎಷ್ಟು ವಯಸ್ಸಾಗಿತ್ತೋ ಈಗ ಅವಳಿಗೆ ಅಷ್ಟು ವಯಸ್ಸು. ತಂದೆ ಮಾತ್ರ ಹೋದಾಗ ಇದ್ದ ಹಾಗೆಯೇ ಇದ್ದಾನೆ.

ಕಲ್ಪನೆಯಲ್ಲ, ಲೆಕ್ಕ

ಇಷ್ಟನ್ನು ಕೇಳಿದರೆ ಅಜ್ಜಿಕಥೆಯಂತೆ ತೋರುತ್ತದೆ. ಆದರೆ ಆ ಸಿನಿಮಾದ ಬೆನ್ನಿಗೆ ಕಿಪ್ ಥಾರ್ನ್ ಎಂಬ ಅಮೆರಿಕದ ಭೌತವಿಜ್ಞಾನಿ ಇದ್ದರು. ದೃಢಪಟ್ಟಿರುವ ಯಾವ ನಿಯಮವನ್ನೂ ಕಥೆ ಮುರಿಯಬಾರದು, ಊಹೆ ಮಾಡಿದರೂ ಅದು ವಿಜ್ಞಾನದಿಂದ ಹುಟ್ಟಿದ ಊಹೆಯಾಗಿರಬೇಕು ಎಂಬುದು ಅವರು ಇಟ್ಟುಕೊಂಡ ನಿಯಮ. ಒಂದು ಗಂಟೆಗೆ ಏಳು ವರ್ಷ ಎಂದು ನಿರ್ದೇಶಕ ಹೇಳಿದಾಗ ಸಾಧ್ಯವಿಲ್ಲವೆಂದೇ ಅವರಿಗೆ ಮೊದಲು ಅನಿಸಿತ್ತು. ಕುಳಿತು ಲೆಕ್ಕ ಹಾಕಿದಾಗ, ಕಪ್ಪುರಂಧ್ರವು ಅತ್ಯಂತ ವೇಗವಾಗಿ, ಬಹುತೇಕ ಗರಿಷ್ಠ ಮಿತಿಯಲ್ಲಿ ಸುತ್ತುತ್ತಿದ್ದರೆ ಅದು ಅಸಾಧ್ಯವಲ್ಲವೆಂದು ಕಂಡುಬಂತು. ಇದೇ ಕಿಪ್ ಥಾರ್ನ್ 2017ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಇದರ ಮೂಲ ಆಲ್ಬರ್ಟ್ ಐನ್‌ಸ್ಟೀನ್‌ರ ಸಾಪೇಕ್ಷತಾ ಸಿದ್ಧಾಂತದಲ್ಲಿದೆ. 1905ರಲ್ಲಿ ಅವರು, ವೇಗವಾಗಿ ಚಲಿಸುವವನ ಗಡಿಯಾರ ನಿಂತವನ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ ಎಂದು ತೋರಿಸಿದರು. ಹತ್ತು ವರ್ಷಗಳ ನಂತರ 1915ರಲ್ಲಿ ಗುರುತ್ವಾಕರ್ಷಣೆಯನ್ನೂ ಅದಕ್ಕೆ ಸೇರಿಸಿದರು. ಗುರುತ್ವ ಹೆಚ್ಚಿರುವಲ್ಲಿ ಕಾಲ ನಿಧಾನ, ಕಡಿಮೆಯಿರುವಲ್ಲಿ ವೇಗ. ಗಡಿಯಾರ ಕೆಟ್ಟು ನಿಧಾನವಾಗುವುದಲ್ಲ, ಕಾಲವೇ ಹಾಗೆ ನಡೆಯುತ್ತದೆ. ಹೃದಯದ ಬಡಿತ, ಗಾಯ ಮಾಯುವುದು, ಕೂದಲು ನರೆಯುವುದು ಎಲ್ಲವೂ ಅದರೊಂದಿಗೇ ನಿಧಾನ. ಆದ್ದರಿಂದ ಅಲ್ಲಿರುವವನಿಗೆ ಏನೂ ಗೊತ್ತಾಗುವುದಿಲ್ಲ. ಅವನ ಒಂದು ಗಂಟೆ ಅವನಿಗೆ ಅರುವತ್ತು ನಿಮಿಷವೇ.

ಇದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂದು ನೀವು ಕೇಳಬೇಕು. ನೋಡಿದ್ದಾರೆ. 1971ರಲ್ಲಿ ಹಫೀಲೆ ಮತ್ತು ಕೀಟಿಂಗ್ ಎಂಬಿಬ್ಬರು ನಾಲ್ಕು ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿ ಇಟ್ಟುಕೊಂಡು ಭೂಮಿಯನ್ನು ಸುತ್ತಿ ಬಂದರು. ನೆಲದ ಮೇಲಿದ್ದ ಗಡಿಯಾರಕ್ಕೆ ಹೋಲಿಸಿದಾಗ ಪೂರ್ವಕ್ಕೆ ಹೋದವು ಸುಮಾರು 59 ನ್ಯಾನೋಸೆಕೆಂಡ್ ಹಿಂದಿದ್ದವು, ಪಶ್ಚಿಮಕ್ಕೆ ಹೋದವು ಸುಮಾರು 273 ನ್ಯಾನೋಸೆಕೆಂಡ್ ಮುಂದಿದ್ದವು. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರ ಒಂದು ಭಾಗವೇ ಒಂದು ನ್ಯಾನೋಸೆಕೆಂಡ್. 2010ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಒಂದು ಗಡಿಯಾರವನ್ನು ಇನ್ನೊಂದಕ್ಕಿಂತ ಕೇವಲ 33 ಸೆಂಟಿಮೀಟರ್ ಎತ್ತರದಲ್ಲಿಟ್ಟು ನೋಡಿದರು. ಮೇಲಿನದು ತುಸು ವೇಗವಾಗಿ ನಡೆಯಿತು. ಅಂದರೆ ನಿಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಕಾಲ ನಡೆಯುವ ವೇಗಕ್ಕೂ ಕೆಳಗಿನ ಕಪಾಟಿನಲ್ಲಿ ನಡೆಯುವ ವೇಗಕ್ಕೂ ವ್ಯತ್ಯಾಸವಿದೆ. ಆದರೆ ಅದು ಒಂದು ಆಯುಷ್ಯವಿಡೀ ಕೂಡಿಸಿದರೂ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕೂ ತಲಪದಷ್ಟು ಅಲ್ಪ.

ಹಾಗಾದರೆ ನಮಗೆ ಇದರಿಂದ ಏನಾಗಬೇಕು ಎನ್ನುವಿರಾ? ಹೊಸ ಊರಿಗೆ ಹೋದಾಗ ನೀವು ಮೊಬೈಲ್‌ನಲ್ಲಿ ಕಿಬ್ಲಾದ ದಿಕ್ಕನ್ನು ನೋಡುತ್ತೀರಿ. ನೀವು ಎಲ್ಲಿದ್ದೀರಿ ಎಂಬುದನ್ನು ಫೋನಿಗೆ ತಿಳಿಸುವುದು ಜಿ.ಪಿ.ಎಸ್. ಉಪಗ್ರಹಗಳು. ಅವು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ ಅವುಗಳ ಗಡಿಯಾರ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ವೇಗದಿಂದಾಗಿ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ. ಒಟ್ಟಿನಲ್ಲಿ 38 ಮೈಕ್ರೋಸೆಕೆಂಡ್ ಮುಂದೆ. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್‌ನಷ್ಟು ತಪ್ಪು ಸೇರಿಕೊಳ್ಳುತ್ತದೆ. ಐನ್‌ಸ್ಟೀನ್‌ರ ಲೆಕ್ಕವನ್ನು ಮೊದಲೇ ಸೇರಿಸಿರುವುದರಿಂದ ನಿಮ್ಮ ಫೋನ್ ನಿಮ್ಮ ಬೀದಿಯನ್ನು ಸರಿಯಾಗಿ ತೋರಿಸುತ್ತದೆ.

ಆಶ್ಚರ್ಯವೆಂದರೆ, ಸಿನಿಮಾದಲ್ಲಿ ಯಾವುದು ಎಲ್ಲಕ್ಕಿಂತ ಹೆಚ್ಚು ಸುಳ್ಳೆಂದು ತೋರುತ್ತದೆಯೋ ಅದೇ ಎಲ್ಲಕ್ಕಿಂತ ಹೆಚ್ಚು ನಿಜ.

ಕಪ್ಪುರಂಧ್ರ ಮತ್ತು ನಮ್ಮೂರಿನ ವಿಜ್ಞಾನಿ

ಭಾರೀ ದ್ರವ್ಯರಾಶಿ ಅತಿ ಚಿಕ್ಕ ಜಾಗದಲ್ಲಿ ಕುಸಿದು ಸೇರಿದಾಗ ಅದರ ಸೆಳೆತದಿಂದ ಬೆಳಕು ಕೂಡ ತಪ್ಪಿಸಿಕೊಳ್ಳಲಾರದು. ಅದನ್ನೇ ಕಪ್ಪುರಂಧ್ರ ಎನ್ನುತ್ತಾರೆ. ಸಿನಿಮಾದ ಕಪ್ಪುರಂಧ್ರವನ್ನು ಚಿತ್ರಕಾರರು ಮನಸ್ಸಿಗೆ ಬಂದಂತೆ ಬಿಡಿಸಲಿಲ್ಲ. ಥಾರ್ನ್ ಸಮೀಕರಣಗಳನ್ನು ಕೊಟ್ಟರು, ಬೆಳಕು ಹೇಗೆ ಬಾಗುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕಿತು. ನಡುವೆ ಕಪ್ಪು, ಸುತ್ತಲೂ ಉರಿಯುವ ಬಳೆಯಂಥ ಬೆಳಕು ಮೂಡಿತು. ಈ ಕೆಲಸದ ಬಗ್ಗೆ 2015ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧವೂ ಪ್ರಕಟವಾಯಿತು.

2019ರ ಎಪ್ರಿಲ್ 10ರಂದು ಜಗತ್ತು ಮೊದಲ ಬಾರಿಗೆ ನಿಜವಾದ ಕಪ್ಪುರಂಧ್ರದ ಚಿತ್ರವನ್ನು ಕಂಡಿತು. ಭೂಮಿಯ ಬೇರೆ ಬೇರೆ ಕಡೆಗಳಲ್ಲಿರುವ ರೇಡಿಯೋ ದೂರದರ್ಶಕಗಳನ್ನು ಒಂದೇ ಕಣ್ಣಿನಂತೆ ಬಳಸಿ ತೆಗೆದ ಚಿತ್ರವದು. ಆ ಕಪ್ಪುರಂಧ್ರ ನಮ್ಮಿಂದ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಎಂ87 ಎಂಬ ಗೆಲಾಕ್ಸಿಯಲ್ಲಿದೆ. ಅದರ ತೂಕ ಸುಮಾರು 650 ಕೋಟಿ ಸೂರ್ಯರಷ್ಟು. ಅಲ್ಲಿಯೂ ನಡುವೆ ಕಪ್ಪು, ಸುತ್ತಲೂ ಬೆಳಕಿನ ಬಳೆ. ಆದರೆ ಬಳೆಯ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಪ್ರಕಾಶಮಾನ. ನಮ್ಮತ್ತ ಧಾವಿಸುವ ಬದಿ ಹೆಚ್ಚು ಹೊಳೆಯಲೇಬೇಕು. ಸಿನಿಮಾದವರಿಗೂ ಅದು ತಿಳಿದಿತ್ತು. ಪ್ರೇಕ್ಷಕರು ಗೊಂದಲಗೊಳ್ಳಬಾರದೆಂದು ಅವರು ಅದನ್ನು ಬಿಟ್ಟುಬಿಟ್ಟರು. 2022ರ ಮೇ 12ರಂದು ನಮ್ಮದೇ ಕ್ಷೀರಪಥದ ನಡುವಿರುವ ಕಪ್ಪುರಂಧ್ರದ ಚಿತ್ರವೂ ಬಂತು.

ಇಂಥ ಸಂಗತಿಗಳೆಲ್ಲ ಅಮೆರಿಕದವರಿಗೆ ಸೇರಿದ್ದೆಂದು ನಮ್ಮ ಮಕ್ಕಳು ಭಾವಿಸಬಾರದು. ಸಿ. ವಿ. ವಿಶ್ವೇಶ್ವರ ಅವರು ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದವರು. ಕಪ್ಪುರಂಧ್ರವನ್ನು ಯಾರೂ ಕಾಣದಿದ್ದ ಕಾಲದಲ್ಲಿ, 1970ರಲ್ಲಿ ಅವರು ಒಂದು ಪ್ರಶ್ನೆಗೆ ಲೆಕ್ಕದಿಂದ ಉತ್ತರ ಕಂಡುಕೊಂಡರು. ಕಪ್ಪುರಂಧ್ರವನ್ನು ಅಲುಗಿಸಿದರೆ ಏನಾದೀತು? ಬಾರಿಸಿದ ಗಂಟೆಯ ಹಾಗೆ ಅದು ಸ್ವಲ್ಪ ಹೊತ್ತು ಮಿಡಿದು ಮೆಲ್ಲನೆ ಶಾಂತವಾಗುತ್ತದೆ ಎಂದು ಅವರ ಲೆಕ್ಕ ಹೇಳಿತು. ನಲ್ವತ್ತೈದು ವರ್ಷಗಳ ನಂತರ, 2015ರ ಸೆಪ್ಟೆಂಬರ್ 14ರಂದು, ಎರಡು ಕಪ್ಪುರಂಧ್ರಗಳು ಡಿಕ್ಕಿಯಾಗಿ ಒಂದಾದ ತರಂಗ ಅಮೆರಿಕದ ಲೈಗೋ ಉಪಕರಣಗಳಿಗೆ ಸಿಕ್ಕಿತು. ಸುಮಾರು 130 ಕೋಟಿ ವರ್ಷಗಳ ಹಿಂದೆ ನಡೆದ ಡಿಕ್ಕಿಯದು. ಆ ತರಂಗದ ಕೊನೆಯಲ್ಲಿ ವಿಶ್ವೇಶ್ವರ ಹೇಳಿದ್ದ ಹಾಗೆಯೇ ಮೆಲ್ಲನೆ ಅಡಗುವ ಮಿಡಿತವಿತ್ತು. 2016ರ ಫೆಬ್ರವರಿಯಲ್ಲಿ ಈ ಸುದ್ದಿ ಪ್ರಕಟವಾದಾಗ ಅವರು ನಮ್ಮೊಂದಿಗಿದ್ದರು. 2017ರ ಜನವರಿಯಲ್ಲಿ ನಿಧನರಾದರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಶಾಲಾ ಪ್ರವಾಸದಲ್ಲಿ ಅಲ್ಲಿನ ಗುಮ್ಮಟದ ಕೆಳಗೆ ಕುಳಿತು ನಕ್ಷತ್ರಗಳನ್ನು ನೋಡಿದ ಅದೆಷ್ಟೋ ಮಕ್ಕಳಿಗೆ ಈ ಹೆಸರು ತಿಳಿದಿಲ್ಲ.

ಎಲ್ಲಿಂದ ಆಚೆಗೆ ಕಥೆ?

ಬೆರಗು ಒಳ್ಳೆಯದು. ಆದರೆ ಬೆರಗಾದವರನ್ನು ಮರುಳು ಮಾಡುವುದೂ ಸುಲಭ. ಆದ್ದರಿಂದ ಸಿನಿಮಾದಲ್ಲಿ ವಿಜ್ಞಾನ ಎಲ್ಲಿ ಮುಗಿಯುತ್ತದೆ, ಕಥೆ ಎಲ್ಲಿ ಆರಂಭವಾಗುತ್ತದೆ ಎಂದು ಮಕ್ಕಳಿಗೆ ತಿಳಿದಿರಬೇಕು.

ಅದೇ ಸಿನಿಮಾದಲ್ಲಿ ನೌಕೆಯು 'ವರ್ಮ್‌ಹೋಲ್' ಎಂಬ ಸುರಂಗದ ಮೂಲಕ ದೂರದ ಗೆಲಾಕ್ಸಿಯನ್ನು ಕ್ಷಣದಲ್ಲಿ ಸೇರುತ್ತದೆ. ಮಾವಿನಹಣ್ಣಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕಾದ ಇರುವೆ ಸಿಪ್ಪೆಯ ಮೇಲೆ ಸುತ್ತಿಕೊಂಡು ಹೋಗಬೇಕು. ಹುಳು ಹಣ್ಣನ್ನು ಕೊರೆದಿದ್ದರೆ ಆ ತೂತಿನಲ್ಲಿ ನೇರವಾಗಿ ಹೋಗಬಹುದು. ವರ್ಮ್‌ಹೋಲ್ ಎಂದರೆ ಇಷ್ಟೇ. ಐನ್‌ಸ್ಟೀನ್ ಮತ್ತು ರೋಸೆನ್ 1935ರಲ್ಲಿ ಇಂಥ ಸೇತುವೆಯ ಸಮೀಕರಣ ಬರೆದಿದ್ದರು. ಮುಂದೆ ಕಾರ್ಲ್ ಸೇಗನ್ ಎಂಬ ಖಗೋಳ ವಿಜ್ಞಾನಿ 'ಕಾಂಟ್ಯಾಕ್ಟ್' ಎಂಬ ಕಾದಂಬರಿ ಬರೆಯುವಾಗ, ನಾಯಕಿಯನ್ನು ನಕ್ಷತ್ರಗಳಾಚೆಗೆ ಕಳುಹಿಸುವುದು ಹೇಗೆಂದು ಥಾರ್ನ್‌ರನ್ನು ಕೇಳಿದರು. ಕಪ್ಪುರಂಧ್ರ ಬೇಡ, ವರ್ಮ್‌ಹೋಲ್ ಇರಲಿ ಎಂದು ಥಾರ್ನ್ ಸಲಹೆ ಕೊಟ್ಟರು. ಗೆಳೆಯನ ಕಥೆಗಾಗಿ ಹಾಕಿದ ಲೆಕ್ಕ 1988ರಲ್ಲಿ ಗಂಭೀರ ವಿಜ್ಞಾನ ಪ್ರಬಂಧವಾಗಿ ಪ್ರಕಟವಾಯಿತು. ಆ ಸುರಂಗ ತೆರೆದೇ ಇರಬೇಕಾದರೆ ನಮಗೆ ತಿಳಿದಿರುವ ಸಾಮಾನ್ಯ ವಸ್ತು ಸಾಲದು, ವಿಚಿತ್ರ ಗುಣದ ಬೇರೇನೋ ಬೇಕು ಎಂದು ಅದರಿಂದ ತಿಳಿದುಬಂತು. ವರ್ಮ್‌ಹೋಲನ್ನು ಇಂದಿಗೂ ಯಾರೂ ಕಂಡಿಲ್ಲ.

ಸಿನಿಮಾದ ಕೊನೆಯಲ್ಲಿ ತಂದೆ ಕಪ್ಪುರಂಧ್ರದೊಳಕ್ಕೆ ಬಿದ್ದು, ಮಗಳ ಕೋಣೆಯ ಪುಸ್ತಕದ ಕಪಾಟಿನ ಹಿಂದಿನಿಂದ ಕಳೆದುಹೋದ ಕಾಲಕ್ಕೆ ಸಂದೇಶ ಕಳುಹಿಸುತ್ತಾನೆ. ಇದು ಪೂರ್ತಿ ಕಥೆಗಾರನ ಕಲ್ಪನೆ. ಕಾಲದಲ್ಲಿ ಇತರರಿಗಿಂತ ಬೇಗ ಮುಂದಕ್ಕೆ ಹೋಗುವುದಕ್ಕೆ ವಿಜ್ಞಾನದ ಆಧಾರವಿದೆ. ಹಿಂದಕ್ಕೆ ಹೋಗಿ ನಿನ್ನೆಯನ್ನು ತಿದ್ದಿದ ಒಂದು ಪುರಾವೆಯೂ ಇಲ್ಲ.

ಸಾವಿರ ವರ್ಷಗಳ ಹಿಂದೆ ಬಸರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಇದನ್ನೇ ಮಾಡಿ ತೋರಿಸಿದವರು. ಕತ್ತಲೆ ಕೋಣೆ, ಸಣ್ಣ ತೂತು, ಹೊರಗೆ ಕೆಲವು ದೀಪಗಳು, ಇಷ್ಟನ್ನೇ ಬಳಸಿ ಅವರು ಬೆಳಕಿನ ನಡೆಯನ್ನು ಪರೀಕ್ಷಿಸಿದರು. ಕಣ್ಣಿನಿಂದ ಕಿರಣ ಹೊರಡುವುದಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ಸಾಧಿಸಿದರು. ಜಗತ್ತೇ ಗೌರವಿಸುತ್ತಿದ್ದ ಟಾಲೆಮಿಯ ಬರಹಗಳ ಬಗ್ಗೆಯೂ ಸಂಶಯಗಳನ್ನೆತ್ತಿ ಪ್ರತ್ಯೇಕ ಗ್ರಂಥ ಬರೆದರು. ದೊಡ್ಡವರು ಹೇಳಿದರೆಂದು ಒಪ್ಪಲಿಲ್ಲ, ವಿಚಿತ್ರವೆನಿಸಿತೆಂದು ತಳ್ಳಲೂ ಇಲ್ಲ. ನಮ್ಮ ಪರಂಪರೆಯ ಬಗ್ಗೆ ಹೆಮ್ಮೆಪಡುವ ನಾವು ಮಕ್ಕಳಿಗೆ ಮೊದಲು ಕಲಿಸಬೇಕಾದುದು ಈ ಗುಣವನ್ನು.

ಈಮಾನ್‌ಗೆ ಊರುಗೋಲು ಬೇಕೇ?

ಇಲ್ಲೊಂದು ಮಾತನ್ನು ಹೇಳಲೇಬೇಕು. ಇಂಥ ಸಿನಿಮಾ ಬಂದಾಗ, ಕಪ್ಪುರಂಧ್ರದ ಚಿತ್ರ ಬಂದಾಗ, ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ಹರಿದಾಡುತ್ತವೆ. ಇದೆಲ್ಲವೂ ಕುರ್‌ಆನ್‌ನಲ್ಲಿ ಮೊದಲೇ ಇದೆ, ಇಂತಹ ಆಯತ್ ಎಂದರೆ ಇದೇ ಎಂದು ಬರೆದಿರುತ್ತಾರೆ. ಉದ್ದೇಶ ಒಳ್ಳೆಯದಿರಬಹುದು. ಆದರೆ ಇದರಲ್ಲಿ ಅಪಾಯವಿದೆ.

ಮದ್ರಸದಲ್ಲಿ ಅಸ್‌ಹಾಬುಲ್ ಕಹ್ಫ್‌ನ ವೃತ್ತಾಂತ ಹೇಳುವಾಗ ಮಕ್ಕಳ ಕಣ್ಣು ಅರಳುತ್ತದೆ. ಗುಹೆಯಲ್ಲಿ ಮಲಗಿದ ಯುವಕರು ಎದ್ದಾಗ ಒಂದು ದಿನವೋ ಅದಕ್ಕಿಂತ ಕಡಿಮೆಯೋ ಕಳೆದಿರಬೇಕೆಂದು ಭಾವಿಸುತ್ತಾರೆ. ಹೊರಗೆ ತಲೆಮಾರುಗಳೇ ಉರುಳಿರುತ್ತವೆ. ಮುನ್ನೂರು, ಅದರ ಮೇಲೆ ಒಂಭತ್ತು ವರ್ಷಗಳ ಲೆಕ್ಕ ಅಲ್ಲಿ ಬರುತ್ತದೆ. ಸೌರಮಾನದ 300 ವರ್ಷಗಳು ಚಾಂದ್ರಮಾನದಲ್ಲಿ ಸುಮಾರು 309 ಆಗುತ್ತವೆ ಎಂಬುದನ್ನು ವ್ಯಾಖ್ಯಾನಕಾರರು ಗಮನಿಸಿದ್ದಾರೆ. ಪ್ರತಿ ಶುಕ್ರವಾರ ಸೂರಃ ಅಲ್ ಕಹ್ಫ್ ಓದುವ ಮನೆಯವರಿಗೆ, ಒಬ್ಬನ ಒಂದು ದಿನ ಇನ್ನೊಬ್ಬರ ಮೂರು ಶತಮಾನವಾಗಬಹುದೆಂಬ ಮಾತು ಅಪರಿಚಿತವಲ್ಲ.

ಹಾಗೆಂದು ಗುಹೆಯಲ್ಲಿ ಐನ್‌ಸ್ಟೀನ್‌ರ ಸೂತ್ರ ಕೆಲಸ ಮಾಡಿತು ಎನ್ನಲು ನಮಗೇನು ಅಧಿಕಾರ? ಅದು ಅಲ್ಲಾಹನ ಸಾಮರ್ಥ್ಯದ ದೃಷ್ಟಾಂತ, ಸತ್ತವರನ್ನು ಎಬ್ಬಿಸುವುದು ಅವನಿಗೆ ಸುಲಭವೆಂಬ ಪಾಠ. ಆ ಯುವಕರು ಎಷ್ಟು ಮಂದಿ ಎಂಬ ತರ್ಕದಲ್ಲಿಯೂ ಬೀಳದಂತೆ ಅದೇ ಸೂರಃ ನಮ್ಮನ್ನು ತಡೆಯುತ್ತದೆ. ವಿಜ್ಞಾನದ ಸಿದ್ಧಾಂತಗಳು ಹೊಸ ಪುರಾವೆ ಬಂದಾಗ ತಿದ್ದುಪಡಿಯಾಗುತ್ತವೆ. ನ್ಯೂಟನ್‌ನ ಲೆಕ್ಕವನ್ನು ಐನ್‌ಸ್ಟೀನ್ ತಿದ್ದಿದರು. ಐನ್‌ಸ್ಟೀನ್‌ರ ಲೆಕ್ಕವನ್ನು ನಾಳೆ ಇನ್ನೊಬ್ಬರು ತಿದ್ದಬಹುದು. ಇಂದಿನ ಸಿದ್ಧಾಂತಕ್ಕೆ ಆಯತನ್ನು ಕಟ್ಟಿಹಾಕಿದರೆ, ಸಿದ್ಧಾಂತ ಬದಲಾದ ದಿನ ನಮ್ಮ ಮಗು ಆಯತನ್ನೇ ಸಂಶಯಿಸೀತು. ಈಮಾನ್‌ಗೆ ಸಿನಿಮಾದ ಊರುಗೋಲು ಬೇಕಿಲ್ಲ. ಆಕಾಶ ಭೂಮಿಗಳ ಸೃಷ್ಟಿಯ ಬಗ್ಗೆ ಚಿಂತಿಸಿರೆಂದು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ. ಆ ಕರೆಗೆ ಓಗೊಟ್ಟು ಶ್ರದ್ಧೆಯಿಂದ ಕಲಿಯುವುದು ನಮ್ಮ ಕೆಲಸ.

ಮೂರು ಗಂಟೆಯ ಬೆಲೆ

ಸಹೋದರಿಯರೇ, ಈ ಸಿನಿಮಾ ನೋಡಿದ ಹೆಚ್ಚಿನವರಿಗೆ ಸಮೀಕರಣ ನೆನಪಿರುವುದಿಲ್ಲ, ಸಂದೇಶಗಳ ಮುಂದೆ ಕುಳಿತು ಅಳುವ ತಂದೆ ನೆನಪಿರುತ್ತಾನೆ. ಕರಾವಳಿಯ ನಮ್ಮ ಮನೆಗಳಿಗೆ ಆ ದೃಶ್ಯದ ಅರ್ಥ ಹೇಳಿಕೊಡಬೇಕಾಗಿಲ್ಲ. ಮೊಬೈಲ್ ಇಲ್ಲದ ಕಾಲದಲ್ಲಿ ಗಲ್ಫ್‌ನಿಂದ ಊರಿಗೆ ಬರುವವರ ಕೈಯಲ್ಲಿ ಟೇಪ್ ರೆಕಾರ್ಡರಿನ ಕ್ಯಾಸೆಟ್ಟು ಬರುತ್ತಿತ್ತು. ಅದರಲ್ಲಿ ತಂದೆಯ ಧ್ವನಿ. ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಮಗುವಿನ ತೊದಲು ಮಾತನ್ನು ತುಂಬಿಸಿ ಹಿಂದಕ್ಕೆ ಕಳುಹಿಸುತ್ತಿದ್ದರು. ಎರಡು ವರ್ಷಗಳ ನಂತರ ರಜೆಯಲ್ಲಿ ಬಂದ ತಂದೆಯನ್ನು ಕಂಡು ಮಗು ಉಮ್ಮನ ಸೆರಗಿನ ಹಿಂದೆ ಅಡಗಿಕೊಳ್ಳುತ್ತಿತ್ತು. ಅಲ್ಲಿ ಎಷ್ಟು ವರ್ಷವೋ ಇಲ್ಲಿಯೂ ಅಷ್ಟೇ ವರ್ಷ, ಭೌತಶಾಸ್ತ್ರದಲ್ಲಿ ವ್ಯತ್ಯಾಸವೇನೂ ಇಲ್ಲ. ಆದರೆ ದುಡಿಯುವವನಿಗೆ ಒಂದೇ ತರಹದ ದಿನಗಳು. ಮಗುವಿಗೆ ಅದೇ ದಿನಗಳಲ್ಲಿ ಮೊದಲ ಹಲ್ಲು, ಮೊದಲ ಹೆಜ್ಜೆ, ಮೊದಲ ಅಕ್ಷರ, ಮೊದಲ ರೋಝಾ.

ಹೊಟ್ಟೆಪಾಡಿಗಾಗಿ ದೂರ ಹೋದವರನ್ನು ದೂರುವುದು ಅನ್ಯಾಯ. ಅವರ ಬೆವರಿನಿಂದಲೇ ಮನೆಗಳೆದ್ದಿವೆ, ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ಆದರೆ ಒಂದೇ ಮನೆಯಲ್ಲಿದ್ದೂ ದೂರವಿರುವ ನಮ್ಮನ್ನು ಏನೆನ್ನೋಣ? ಸಂಜೆ ಮೊಬೈಲ್ ಹಿಡಿದು ಕುಳಿತರೆ ಮೂರು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಅಷ್ಟರಲ್ಲಿ ಮಗು ತನ್ನ ಪ್ರಶ್ನೆಯೊಂದಿಗೆ ಹತ್ತಿರ ಬಂದು, ಕಾದು, ಹಿಂದಿರುಗಿರುತ್ತದೆ. ಕಾಲದ ಹೆಸರನ್ನೇ ಹೊತ್ತಿರುವ ಸೂರಃ ಅಲ್ ಅಸ್ರ್ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಮೊದಲ ಸೂರಃಗಳಲ್ಲೊಂದು. ಮನುಷ್ಯ ನಷ್ಟದಲ್ಲಿದ್ದಾನೆಂಬ ಎಚ್ಚರಿಕೆ ದೊಡ್ಡವರಿಗೂ ಇದೆ.

ಆದ್ದರಿಂದ "ಒಂದು ಗಂಟೆ ಏಳು ವರ್ಷ ಆಗುತ್ತದಾ?" ಎಂದು ಮಗು ಕೇಳಿದರೆ ಸುಮ್ಮನಿರು ಎನ್ನಬೇಡಿ. ನನಗೆ ಪೂರ್ತಿ ತಿಳಿಯದು, ಬಾ, ಇಬ್ಬರೂ ಓದಿ ನೋಡೋಣ ಎನ್ನಿ. ತಿಳಿಯದು ಎನ್ನುವುದರಿಂದ ತಾಯಿಯ ಗೌರವ ಕಡಿಮೆಯಾಗದು. ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಲು ಹೇಳಿ. ಬೆಂಗಳೂರಿಗೆ ಹೋದರೆ ಮಾಲ್‌ಗೆ ಕೊಡುವ ಸಮಯದಲ್ಲಿ ಒಂದು ಗಂಟೆಯನ್ನು ತಾರಾಲಯಕ್ಕೆ ಕೊಡಿ. ಮಂಗಳೂರಿನ ಕಡೆಯವರಿಗೆ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ತಾರಾಲಯವಿದೆ. ಪ್ರಶ್ನೆ ಹೆಣ್ಣುಮಗಳದ್ದಾದರೆ ಇನ್ನಷ್ಟು ಗಮನ ಕೊಡಿ. ಸಿನಿಮಾದಲ್ಲಿ ಭೂಮಿಯ ಜನರನ್ನು ಉಳಿಸುವ ಲೆಕ್ಕವನ್ನು ಬಿಡಿಸುವುದು ತಂದೆಯಲ್ಲ, ಮನೆಯಲ್ಲುಳಿದು ಓದಿದ ಆ ಮಗಳು. ಅದು ಕಥೆಯೇ ಇರಬಹುದು. ಆದರೆ ನಿಮ್ಮ ಮಗಳು ಕೇಳಿದ ಪ್ರಶ್ನೆ ಕಥೆಯಲ್ಲ. ಇಂದು ರಾತ್ರಿ ಊಟದ ಪಾತ್ರೆಗಳು ಸ್ವಲ್ಪ ತಡವಾಗಿ ತೊಳೆಯಲ್ಪಡಲಿ. ಮೊದಲು ಅವಳೊಂದಿಗೆ ಕುಳಿತುಕೊಳ್ಳಿ.